ಗರಗಸ ಕೊಯ್ದದ್ದು, ಕೈ ಕೂಡಿಸಿದ್ದು

ಸ್ಯಾನ್ ಫ್ರಾನ್ಸಿಸ್ಕೊ ನಗರದ ಫ್ರಾಂಕ್ಲಿನ್ ಬೀದಿಯಲ್ಲಿ 2007ನೇ ನಂಬರಿನ ಮನೆಯೊಂದಿದೆ. ಮೂಲೆಗೆ ಕುಲಾವಿಯಂಥ ಚೂಪು ಮಾಡು ಹೊತ್ತ ದುಂಡು ಗೋಪುರ, ಒಂದರ ಮೇಲೊಂದು ಏರಿದ ತ್ರಿಕೋನದ ಮುಂಭಾಗಗಳು, ಮೀನಿನ ಹುರುಪೆಯಂತೆ ಸಾಲುಸಾಲಾಗಿ ಹೊಡೆದ ಮರದ ಬಿಲ್ಲೆಗಳು, ಗೋಡೆಯಿಂದ ಮುಂದಕ್ಕೆ ಚಾಚಿದ ಕಿಟಕಿಗಳು. 1886ರಲ್ಲಿ ಇದನ್ನು ಕಟ್ಟಿಸಿದವನು ವಿಲಿಯಂ ಹಾಸ್. ಜರ್ಮನಿಯ ಬವೇರಿಯಾದಿಂದ ಹದಿಹರೆಯದಲ್ಲಿ ವಲಸೆ ಬಂದು, ಸಗಟು ದಿನಸಿ ವ್ಯಾಪಾರದಲ್ಲಿ ಬೆಳೆದ ಯಹೂದಿ ವರ್ತಕ. ನಕಾಶೆ ಮಾಡಿದವನು ಪೀಟರ್ ಸ್ಮಿತ್ ಎಂಬ ವಾಸ್ತುಶಿಲ್ಪಿ. ಕಟ್ಟಡಕ್ಕೆ ಆದ ಖರ್ಚು 18,500 ಡಾಲರ್. ಹಾಸ್‌ನ ಮಗಳು ಆಲಿಸ್ 1909ರಲ್ಲಿ ಸ್ಯಾಮ್ಯುಯೆಲ್ ಲಿಲಿಯೆಂತಾಲ್ ಅವರನ್ನು ಮದುವೆಯಾದದ್ದರಿಂದ ಈಗ ಇದಕ್ಕೆ ಎರಡೂ ಮನೆತನಗಳ ಹೆಸರು ಕೂಡಿ ಹಾಸ್–ಲಿಲಿಯೆಂತಾಲ್ ಮನೆ ಎಂಬ ಹೆಸರಿದೆ. ಆಲಿಸ್ 1972ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 86 ವರ್ಷ, ಅದು ಒಂದೇ ಕುಟುಂಬದ ಕೈಯಲ್ಲಿತ್ತು. ಮರುವರ್ಷ ವಾರಸುದಾರರು ಅದನ್ನು ನಗರದ ಹಳೆಯ ಕಟ್ಟಡಗಳನ್ನು ಉಳಿಸಲೆಂದೇ ಹುಟ್ಟಿದ್ದ ಸ್ಯಾನ್ ಫ್ರಾನ್ಸಿಸ್ಕೊ ಹೆರಿಟೇಜ್ ಸಂಸ್ಥೆಗೆ ದಾನ ಕೊಟ್ಟರು. ವಿಕ್ಟೋರಿಯಾ ರಾಣಿಯ ಕಾಲದ ಶೈಲಿಯ ಮನೆ ಎಂದರೆ ಅಮೆರಿಕದವರ ಕಣ್ಣಿಗೆ ಕಟ್ಟುವ ಚಿತ್ರ ಇಂಥದ್ದೇ.

ಇಂಥ ಮನೆಯ ಎದುರು ನಿಂತವರ ಬಾಯಲ್ಲಿ ಬರುವ ಮೊದಲ ಮಾತು, ಆಗಿನ ಬಡಗಿಗಳ ತಾಳ್ಮೆಯೇ ತಾಳ್ಮೆ, ಒಂದೊಂದನ್ನೂ ಕೈಯಲ್ಲೇ ಕೆತ್ತಿದ್ದಾರಲ್ಲ ಎಂಬುದು. ಪ್ರವಾಸಿ ಪುಸ್ತಕಗಳೂ ಮನೆ ಮಾರುವವರ ಜಾಹೀರಾತುಗಳೂ ಇದನ್ನೇ ಹೇಳುತ್ತವೆ. ಮೆಚ್ಚುಗೆ ಸರಿಯೇ, ಆದರೆ ಅದು ಬೀಳುತ್ತಿರುವ ಜಾಗ ಸರಿಯಿಲ್ಲ. ಬೀದಿಯಿಂದ ಕಾಣುವ ಈ ಅಲಂಕಾರದ ಬಹುಪಾಲು ಯಾರ ಉಳಿಯಿಂದಲೂ ಮೂಡಿದ್ದಲ್ಲ. ಉಗಿಯಂತ್ರ ತಿರುಗಿಸಿದ ಗರಗಸದಿಂದ ಬಂದದ್ದು. ವಿಕ್ಟೋರಿಯನ್ ಮನೆಯ ನಿಜವಾದ ಕುಶಲತೆ ಕಣ್ಣಿಗೆ ಬೀಳದ ಕಡೆ ಇದೆ: ಒಂದು ಮರ ಇನ್ನೊಂದು ಮರಕ್ಕೆ ಕೂಡುವ ಸಂದಿಯಲ್ಲಿ, ಗೋಡೆಯ ಪೊಳ್ಳಿನಲ್ಲಿ, ಕೆಟ್ಟದ್ದನ್ನು ಬಿಚ್ಚಿ ಸರಿಮಾಡಿ ಮತ್ತೆ ಕೂರಿಸಲು ಬರುವ ಹಾಗೆ ಕಟ್ಟಿದ ಬಗೆಯಲ್ಲಿ. ಈ ವ್ಯತ್ಯಾಸ ತಿಳಿಯದೆ ಇಂಥ ಮನೆಗಳನ್ನು ಉಳಿಸಲು ಹೊರಟರೆ ಉಳಿಯುವುದು ಮುಖವಾಡ ಮಾತ್ರ. ಹಾಗೆ ಆಗಿಯೂ ಇದೆ.

ಮೊದಲು ಯಂತ್ರದ ವಿಷಯ. ಮರದ ಹಲಗೆಯನ್ನು ನುಣ್ಣಗೆ ಮಾಡುವ ಯಂತ್ರಕ್ಕೆ ಅಮೆರಿಕದಲ್ಲಿ ವಿಲಿಯಂ ವುಡ್‌ವರ್ತ್ ಪೇಟೆಂಟ್ ಪಡೆದದ್ದು 1828ರಲ್ಲಿ. ಅಲ್ಲಿಯವರೆಗೆ ಒಬ್ಬ ಬಡಗಿ ದಿನವಿಡೀ ತೋಪಡ ಹೊಡೆದು ಮಾಡುತ್ತಿದ್ದ ಕೆಲಸವನ್ನು ಈ ಯಂತ್ರ ತೀರಾ ಕಡಿಮೆ ಹೊತ್ತಿನಲ್ಲಿ ಮುಗಿಸತೊಡಗಿತು. ಆಮೇಲೆ ಒಂದರ ಹಿಂದೊಂದು ಬಂದವು: ಹಲಗೆಯ ಅಂಚಿಗೆ ಬಳುಕು ಕೊಡುವ ಯಂತ್ರ, ಸಣ್ಣ ಅಲಗು ಮೇಲೆ ಕೆಳಗೆ ಆಡುತ್ತ ಬಳ್ಳಿ ಎಲೆಗಳ ಜಾಲರಿ ಕೊರೆಯುವ ಗರಗಸ, ತಡೆಯಿಲ್ಲದೆ ಸುತ್ತುವ ಪಟ್ಟಿ ಗರಗಸ, ಮೆಟ್ಟಿಲ ಕಟಕಟೆಯ ಗುಂಡುಗಂಬಗಳನ್ನು ನೂರುಗಟ್ಟಲೆ ಕಡೆದು ಹಾಕುವ ಲೇತ್. ಸ್ಯಾನ್ ಫ್ರಾನ್ಸಿಸ್ಕೊದ ಮರದ ಮಿಲ್ಲುಗಳು ಬೋದಿಗೆ, ಕಂಬ, ಸೂರಿನ ಅಂಚುಪಟ್ಟಿ, ಹೂವಿನ ಬಿಲ್ಲೆ ಎಲ್ಲವನ್ನೂ ಮಾದರಿ ನಂಬರಿನ ಸಮೇತ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸುತ್ತಿದ್ದವು. ಕಂಟ್ರಾಕ್ಟರು ನಂಬರು ಬರೆದು ಕಳಿಸಿದರೆ ಗಾಡಿಯಲ್ಲಿ ಸಾಮಾನು ಬರುತ್ತಿತ್ತು. ಮೊಳೆಯ ಕಥೆಯೂ ಹೀಗೆಯೇ. ಕಮ್ಮಾರ ಒಂದೊಂದಾಗಿ ಬಡಿದು ಮಾಡುತ್ತಿದ್ದ ಮೊಳೆಯ ಜಾಗಕ್ಕೆ ಕಬ್ಬಿಣದ ತಗಡು ಕತ್ತರಿಸಿ ಮಾಡಿದ ಮೊಳೆ ಬಂತು, 1890ರ ದಶಕದ ಹೊತ್ತಿಗೆ ಅದನ್ನೂ ಹಿಂದಿಕ್ಕಿ ಇಂದು ನಾವು ಬಳಸುವ ತಂತಿ ಮೊಳೆ ಬಂತು. ಗೋಡೆಗೆ ಅಂಟಿಸುವ, ಕೆತ್ತಿದ ಮರದಂತೆಯೋ ಉಬ್ಬುಚಿತ್ರದ ತೊಗಲಿನಂತೆಯೋ ಕಾಣುವ ಲಿಂಕ್ರಸ್ಟಾ ಎಂಬ ಹೊದಿಕೆಯನ್ನು 1877ರಲ್ಲಿ ಹುಡುಕಿದ ಫ್ರೆಡರಿಕ್ ವಾಲ್ಟನ್, ನೆಲಕ್ಕೆ ಹಾಸುವ ಲಿನೋಲಿಯಮ್ಮಿಗೂ ಜನಕನೇ. ಕೆತ್ತನೆ ಎಂದುಕೊಂಡದ್ದು ಎಷ್ಟೋ ಕಡೆ ಅಗಸೆ ಎಣ್ಣೆಯ ಹಿಟ್ಟನ್ನು ಉರುಳೆಗಳ ನಡುವೆ ಒತ್ತಿದ್ದು.

ನಕಾಶೆಯೂ ಅಂಗಡಿಯ ಸರಕಾಗಿತ್ತು. ಟೆನೆಸಿ ರಾಜ್ಯದ ನಾಕ್ಸ್‌ವಿಲ್ ಊರಿನ ಜಾರ್ಜ್ ಬಾರ್ಬರ್ ಮನೆಯ ಚಿತ್ರಗಳ ಪುಸ್ತಕ ಅಚ್ಚು ಹಾಕಿ, ಅಂಚೆಯಲ್ಲಿ ನಕಾಶೆಗಳನ್ನು ಅಮೆರಿಕದ ಉದ್ದಗಲಕ್ಕೂ ಮಾರಿದ. ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ 1870ರ ದಶಕದಲ್ಲೇ ರಿಯಲ್ ಎಸ್ಟೇಟ್ ಅಸೋಸಿಯೇಟ್ಸ್ ಎಂಬ ಕಂಪನಿ ಒಂದೇ ಬಗೆಯ ಸಾಲುಮನೆಗಳನ್ನು ನೂರುಗಟ್ಟಲೆ ಕಟ್ಟಿ ಕಂತಿನ ಮೇಲೆ ಮಾರಿತು. ಇಂದು ಜಗತ್ತಿನ ಅರ್ಧ ಕ್ಯಾಲೆಂಡರುಗಳಲ್ಲಿ ಕಾಣುವ ಸ್ಟೈನರ್ ಬೀದಿಯ ಬಣ್ಣದ ಸಾಲುಮನೆಗಳನ್ನು 1892ರಿಂದ 1896ರ ನಡುವೆ ಕಟ್ಟಿದವನು ಮ್ಯಾಥ್ಯೂ ಕವನಾ ಎಂಬ ಬಿಲ್ಡರ್. ಒಂದೊಂದನ್ನು ಸುಮಾರು 3,500 ಡಾಲರಿಗೆ ಮಾರಿದ, ತಾನೂ ಅದೇ ಸಾಲಿನ ಪಕ್ಕದ ಮನೆಯಲ್ಲಿ ವಾಸವಿದ್ದ. ಅಕ್ಕಪಕ್ಕದ ಈ ಮನೆಗಳ ನಕಾಶೆ ಹೆಚ್ಚೂ ಕಡಿಮೆ ಒಂದೇ. ಇಂದಿನ ಲೇಔಟ್ ಮನೆಗಳನ್ನು ಅಚ್ಚಿನಲ್ಲಿ ಹಾಕಿದ್ದು ಎಂದು ಹಳಿಯುವವರು, ಅದೇ ಉಸಿರಿನಲ್ಲಿ ಹೊಗಳುವ ಈ ಸಾಲುಮನೆಗಳೂ ತಮ್ಮ ಕಾಲದ ಲೇಔಟ್ ಮನೆಗಳೇ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಹಾಗಾದರೆ ಕುಶಲತೆ ಎಲ್ಲಿ ಹೋಯಿತು? ಗೋಡೆಯ ಒಳಗೆ ನೋಡಬೇಕು. ಅಮೆರಿಕದಲ್ಲಿ ಮರದ ಮನೆ ಎಂದರೆ ಹಿಂದೆ ದಪ್ಪ ತೊಲೆಗಳ ಮನೆ. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು ಕೊರೆದು, ಮರದ ಗೂಟ ಹೊಡೆದು ಬಿಗಿಯುತ್ತಿದ್ದರು. ನಮ್ಮ ಮಲೆನಾಡಿನ ಹಳೆಯ ತೊಟ್ಟಿಮನೆಯ ಕಂಬ ತೊಲೆಗಳ ಜೋಡಣೆ ಬಲ್ಲವರಿಗೆ ಇದು ಹೊಸದಲ್ಲ. 1830ರ ದಶಕದ ಷಿಕಾಗೊದಲ್ಲಿ ಇನ್ನೊಂದು ಬಗೆ ಹುಟ್ಟಿತು. ಎರಡು ಅಂಗುಲ ದಪ್ಪ, ನಾಲ್ಕು ಅಂಗುಲ ಅಗಲದ ತೆಳು ಪಟ್ಟಿಗಳನ್ನು ಸಾಮಾನ್ಯವಾಗಿ ಹದಿನಾರು ಅಂಗುಲಕ್ಕೊಂದರಂತೆ ತಳಪಾಯದಿಂದ ಮಾಡಿನವರೆಗೆ ಒಂದೇ ಉದ್ದಕ್ಕೆ ನಿಲ್ಲಿಸಿ, ಬರೀ ಮೊಳೆಯಲ್ಲಿ ಬಿಗಿದು, ಮೇಲೆ ಹಲಗೆ ಹೊದಿಸುವುದು. ಬಲೂನ್ ಚೌಕಟ್ಟು ಎಂದು ಅದಕ್ಕೆ ಹೆಸರಾಯಿತು. ಭಾರ ಒಂದೆರಡು ದೊಡ್ಡ ಕಂಬಗಳ ಮೇಲೆ ನಿಲ್ಲದೆ ಹತ್ತಾರು ಸಣ್ಣ ಪಟ್ಟಿಗಳ ಮೇಲೆ ಹಂಚಿಹೋಗುತ್ತಿತ್ತು. ಹಾಗೆ ಹಂಚಿಹೋದದ್ದರಿಂದಲೇ ಗೋಡೆಯನ್ನು ಬೇಕಾದಲ್ಲಿ ಮುಂದಕ್ಕೆ ತರಲು, ಮೂಲೆ ಮುರಿಯಲು, ಗೋಪುರ ಏರಿಸಲು ಬಂತು. ತೊಲೆಯ ಮನೆ ಪೆಟ್ಟಿಗೆಯ ಹಾಗೆ ಚೌಕವಾಗಿರುವುದು ಅದರ ಸ್ವಭಾವ. ಬಲೂನ್ ಚೌಕಟ್ಟಿನ ಮನೆ ಹೇಗೆ ಬೇಕಾದರೂ ಬಾಗುತ್ತದೆ. 'ಕ್ವೀನ್ ಆನ್' ಎಂದು ಕರೆಯುವ ಶೈಲಿಯ ಏರಿಳಿತ, ಮಡಿಕೆ, ಚಾಚು ಇವೆಲ್ಲ ಮರದಲ್ಲಿ ಸಲೀಸಾದದ್ದು ಇದರಿಂದ. (ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆಳಿದ ಆನ್ ರಾಣಿಗೂ ಈ ಶೈಲಿಗೂ ಹೆಸರಿನ ನಂಟು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ.)

ಆದರೆ ಬಾಗುವ ಗೋಡೆಗೆ ಕ್ಯಾಟಲಾಗಿನ ನೇರ ಪಟ್ಟಿ ಹೊಂದಬೇಕಲ್ಲ? ಮಿಲ್ಲಿನಿಂದ ಬಂದ ಪ್ರತಿ ತುಂಡೂ ಅಳತೆಗೆ ಸರಿಯಾಗಿರುತ್ತದೆ, ಮನೆ ಮಾತ್ರ ಎಲ್ಲೂ ಅಳತೆಗೆ ಸರಿಯಾಗಿರುವುದಿಲ್ಲ. ಮೂಲೆ ತೊಂಬತ್ತು ಡಿಗ್ರಿಗೆ ಒಂದೆರಡು ಹೆಚ್ಚೋ ಕಡಿಮೆಯೋ ಇರುತ್ತದೆ, ನೆಲ ಎಲ್ಲೋ ಇಳಿದಿರುತ್ತದೆ, ಹಸಿ ಮರ ಒಣಗಿ ಕುಗ್ಗಿರುತ್ತದೆ. ಕೋಣೆಯ ಒಳಮೂಲೆಯಲ್ಲಿ ಎರಡು ಅಲಂಕಾರದ ಪಟ್ಟಿಗಳು ಕೂಡುವ ಜಾಗವನ್ನೇ ನೋಡಿ. ಅರ್ಧಂಬರ್ಧ ಕಲಿತವನು ಎರಡನ್ನೂ ಓರೆಯಾಗಿ ಕೊಯ್ದು ಜೋಡಿಸುತ್ತಾನೆ. ಆ ದಿನ ಚೆನ್ನಾಗಿಯೇ ಕಾಣುತ್ತದೆ, ಒಂದು ಬೇಸಿಗೆ ಕಳೆದರೆ ನಡುವೆ ಕಪ್ಪು ಗೆರೆ ಬಾಯಿ ಬಿಡುತ್ತದೆ. ಕೆಲಸ ಬಲ್ಲವನು ಒಂದು ಪಟ್ಟಿಯನ್ನು ಗೋಡೆಗೆ ತಾಗುವಂತೆ ನೇರ ಇಟ್ಟು, ಇನ್ನೊಂದರ ತುದಿಯನ್ನು ಮೊದಲನೆಯದರ ಉಬ್ಬುತಗ್ಗಿಗೆ ತಕ್ಕ ಹಾಗೆ ಸಣ್ಣ ಗರಗಸದಲ್ಲಿ ಕೊರೆದು ಅದರ ಮೇಲೆ ಕೂರಿಸುತ್ತಾನೆ. ಮರ ಕುಗ್ಗಿದರೂ ಸಂದಿ ಕಣ್ಣಿಗೆ ಬೀಳದು. ನೂರು ವರ್ಷ ಕಳೆದ ಮನೆಯ ಮೂಲೆ ಬಿರಿಯದೆ ನಿಂತಿದ್ದರೆ ಅಲ್ಲಿ ಒಬ್ಬ ಬಡಗಿಯ ತಿಳಿವಳಿಕೆ ಇದೆ ಎಂದೇ ಅರ್ಥ. ಮೆಟ್ಟಿಲ ಕೈಪಿಡಿ ಇನ್ನೂ ಕಷ್ಟದ್ದು. ಒಂದೇ ಹೊತ್ತಿಗೆ ಮೇಲಕ್ಕೂ ಪಕ್ಕಕ್ಕೂ ತಿರುಗುವ ತುಂಡನ್ನು ದಿಮ್ಮಿಯಿಂದ ಹೊರತೆಗೆಯಲು ರೇಖಾಗಣಿತವೇ ಬೇಕು. ಸ್ಕಾಟ್ಲೆಂಡಿನ ಪೀಟರ್ ನಿಕೋಲ್ಸನ್ ಅದಕ್ಕೆಂದೇ ಲೆಕ್ಕದ ಕ್ರಮ ಹಾಕಿಕೊಟ್ಟಿದ್ದ. ಮೆಟ್ಟಿಲ ಕೆಲಸದವರು ಬಡಗಿಗಳ ನಡುವೆಯೇ ಬೇರೆ ಪಂಗಡದಂತೆ, ಹೆಚ್ಚಿನ ಮರ್ಯಾದೆಯಿಂದ ಇದ್ದದ್ದು ಸುಮ್ಮನೆ ಅಲ್ಲ.

ಗಾರೆ ಕೆಲಸವೂ ಹಾಗೆಯೇ. ಮರದ ತೆಳು ರೀಪುಗಳನ್ನು ನಡುವೆ ಬೆರಳಿನ ಅರ್ಧದಷ್ಟು ಸಂದಿ ಬಿಟ್ಟು ಸಾಲಾಗಿ ಹೊಡೆದು, ಅದರ ಮೇಲೆ ಸುಣ್ಣದ ಗಾರೆಯನ್ನು ಒತ್ತಿ ಮೆತ್ತುತ್ತಿದ್ದರು. ಸಂದಿಯಿಂದ ಆಚೆ ಹೊರಟ ಗಾರೆ ರೀಪಿನ ಹಿಂದೆ ಕೊಕ್ಕೆಯಂತೆ ಬಾಗಿ ಗಟ್ಟಿಯಾಗುತ್ತದೆ. ಗೋಡೆ ನಿಲ್ಲುವುದು ಆ ಕಾಣದ ಕೊಕ್ಕೆಗಳ ಮೇಲೆ. ನಮ್ಮಲ್ಲಿ ಗಾರೆಗೆ ಬೆಲ್ಲ, ಅಳಲೆಕಾಯಿ ಸೇರುತ್ತಿದ್ದಂತೆ ಅಲ್ಲಿ ಬಿರುಕು ತಡೆಯಲು ದನ ಕುದುರೆಗಳ ಕೂದಲು ಸೇರುತ್ತಿತ್ತು. ಮೂರು ಪದರ ಮೆತ್ತುವುದು, ಪ್ರತಿ ಪದರ ಹದಕ್ಕೆ ಬರುವವರೆಗೆ ಕಾಯುವುದು. ಚಾವಣಿಯಂಚಿನ ಉದ್ದನೆಯ ಬಳುಕನ್ನು ತಗಡಿನ ಅಚ್ಚು ಹಿಡಿದು ಹಸಿ ಗಾರೆಯ ಮೇಲೆ ಮತ್ತೆ ಮತ್ತೆ ಎಳೆದು ಮೂಡಿಸುತ್ತಿದ್ದರು. ಕೈ ಎಲ್ಲಿ ನಿಂತಿತೋ ಅಲ್ಲಿ ಗೆರೆ ಬೀಳುತ್ತದೆ, ಆದ್ದರಿಂದ ಗೋಡೆಯ ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಎರಡು ಹಜಾರಗಳ ನಡುವಣ ದೊಡ್ಡ ಬಾಗಿಲುಗಳು ತೆರೆದಾಗ ಗೋಡೆಯ ಪೊಳ್ಳಿನೊಳಗೆ ಸರಿದು ಮಾಯವಾಗುತ್ತವೆ. ಮುಂದಿನ ಹಜಾರ ಬಂದವರಿಗೆ, ಹಿಂದಿನದು ಮನೆಮಂದಿಗೆ. ಹಬ್ಬ ಮದುವೆಗಳಿಗೆ ಎರಡೂ ಒಂದಾಗಬೇಕು. ಆ ಸಾಮಾಜಿಕ ಏರ್ಪಾಟಿಗೆ ಬಡಗಿ ಕೊಟ್ಟ ಉತ್ತರ ಒಂದು ಹಳಿ, ಎರಡು ಚಕ್ರ, ಮತ್ತು ಬಾಗಿಲು ಸರಿಯುವಷ್ಟು ಪೊಳ್ಳು ಬಿಟ್ಟು ಕಟ್ಟಿದ ಗೋಡೆ.

ಇದಕ್ಕೆ ಎದುರಾಗಿ ನಿಲ್ಲುವ ಅತ್ಯಂತ ಗಟ್ಟಿ ವಾದ ಅದೇ ಕಾಲದ್ದು. ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ 1853ರಲ್ಲಿ ವೆನಿಸ್ ನಗರದ ವಾಸ್ತುವನ್ನು ಕುರಿತು ಬರೆಯುತ್ತ, ಕಟ್ಟಡದ ಅಲಂಕಾರಕ್ಕೆ ಜೀವ ಬರುವುದು ಅದನ್ನು ಮಾಡಿದ ಕೆಲಸಗಾರನ ಸ್ವಾತಂತ್ರ್ಯದಿಂದ, ಅವನ ತಪ್ಪುಗಳಿಂದಲೂ ಸಹ ಎಂದು ವಾದಿಸಿದ. ವಿನ್ಯಾಸಕಾರ ವಿಲಿಯಂ ಮಾರಿಸ್ ಆ ಮಾತನ್ನೇ ಬದುಕಿನ ದಾರಿ ಮಾಡಿಕೊಂಡ. ಇನ್ನೂ ಹತ್ತಿರದ ಸಾಕ್ಷಿ ಚಾರ್ಲ್ಸ್ ಈಸ್ಟ್‌ಲೇಕ್. ಮನೆಯ ಸಾಮಾನು ಸರಳವಾಗಿ, ಪ್ರಾಮಾಣಿಕವಾಗಿ ಇರಬೇಕು ಎಂದು 1868ರಲ್ಲಿ ಪುಸ್ತಕ ಬರೆದ ಇಂಗ್ಲಿಷಿನವನು. ಕ್ಯಾಲಿಫೋರ್ನಿಯಾದ ಬಿಲ್ಡರುಗಳು ಲೇತ್ ಕಂಬ, ಗುಂಡಿ, ಕೊರೆದ ಜಾಲರಿ ತುಂಬಿದ ತಮ್ಮ ಮನೆಗಳಿಗೆ ಅವನ ಹೆಸರನ್ನೇ ಇಟ್ಟರು. ಅದು ಗೊತ್ತಾದಾಗ, 1882ರಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲ, ಇದೊಂದು ಅತಿರೇಕ ಎಂಬ ಅರ್ಥದಲ್ಲಿ ಅವನು ಬಹಿರಂಗವಾಗಿ ಪ್ರತಿಭಟಿಸಿದ. ಯಂತ್ರದಿಂದ ಬಂದ ಅಲಂಕಾರ ಬಜಾರಿನ ಸರಕು, ಅದನ್ನು ಅಂಟಿಸಿದ ಮನೆ ಬಜಾರಿನ ಪ್ರದರ್ಶನ ಎಂಬುದು ಇವರೆಲ್ಲರ ಆಕ್ಷೇಪ.

ಆಕ್ಷೇಪದ ಅರ್ಧ ನಿಜ. ಎಷ್ಟೋ ಮನೆಗಳ ಮುಂಭಾಗದಲ್ಲಿ ಅಲಂಕಾರ ಅಳತೆ ಮೀರಿದೆ, ಅದನ್ನು ಅಭಿಮಾನದಿಂದ ಮುಚ್ಚಿಡಬೇಕಿಲ್ಲ. ಆದರೆ ರಸ್ಕಿನ್ ಕುಶಲತೆಯನ್ನು ಹುಡುಕಿದ್ದು ವಸ್ತುವಿನ ಮೇಲ್ಮೈಯಲ್ಲಿ. ಉಳಿಯ ಗುರುತು ಇದ್ದರೆ ಮನುಷ್ಯ ಇದ್ದಾನೆ, ಇಲ್ಲದಿದ್ದರೆ ಇಲ್ಲ ಎಂಬಂತೆ. ಯಂತ್ರ ಮನುಷ್ಯನ ಜಾಗವನ್ನು ಬದಲಿಸಿತೇ ಹೊರತು ಅವನನ್ನು ತೆಗೆದುಹಾಕಲಿಲ್ಲ. ಮೊದಲು ಬೋದಿಗೆ ಕೆತ್ತುವುದರಲ್ಲಿ ವಾರ ಕಳೆಯುತ್ತಿದ್ದ ಬಡಗಿ ಈಗ ಹತ್ತು ಬೋದಿಗೆಗಳ ನಡುವಿನ ಅಂತರ ಗೋಡೆಯ ಉದ್ದಕ್ಕೆ ಸರಿಯಾಗಿ ಹಂಚಿಹೋಗುವಂತೆ, ಮೂಲೆಗೆ ಅರ್ಧ ಬೋದಿಗೆ ಬಾರದಂತೆ, ಮಳೆನೀರು ಅದರ ಹಿಂದೆ ಇಳಿಯದಂತೆ ಯೋಚಿಸಬೇಕಾಯಿತು. ಬಾರ್ಬರ್ ಕೂಡ ನಕಾಶೆಯನ್ನು ಇದ್ದಂತೆಯೇ ಕೊಳ್ಳಿ ಎನ್ನಲಿಲ್ಲ, ಬೇಕಾದ ಬದಲಾವಣೆ ಬರೆದು ಕಳಿಸಿ ಎಂದು ಗಿರಾಕಿಗಳನ್ನು ಕೇಳುತ್ತಿದ್ದ. ಅಚ್ಚಿನಿಂದ ಬಂದ ತುಂಡುಗಳಿಂದ ಅಚ್ಚಿನದಲ್ಲದ ಮನೆ ಕಟ್ಟುವುದು ಒಂದು ವಿದ್ಯೆಯೇ. ಇನ್ನೊಂದು ಮಾತು: ಕೈಕೆತ್ತನೆ ಮಾತ್ರ ಇದ್ದ ಕಾಲದಲ್ಲಿ ಅಲಂಕಾರ ಹೆಚ್ಚಾಗಿ ಅರಮನೆಗೆ, ಚರ್ಚಿಗೆ ಸೀಮಿತವಾಗಿತ್ತು. ಇಪ್ಪತ್ತೈದು ಅಡಿ ಅಗಲದ ಸೈಟಿನಲ್ಲಿ ಸಾಲುಮನೆ ಕೊಂಡ ಗುಮಾಸ್ತನೂ ಅಂಗಡಿಯವನೂ ತಮ್ಮ ಬಾಗಿಲ ಮೇಲೊಂದು ಹೂಬಳ್ಳಿ ಕಂಡದ್ದು ಉಗಿಗರಗಸದ ದೆಸೆಯಿಂದ.

ಈ ಮಾತು ಕನ್ನಡದ ಓದುಗರಿಗೆ ದೂರದ್ದಾಗಿ ಕಾಣಬೇಕಿಲ್ಲ. ಮಂಗಳೂರು ಹೆಂಚಿನ ಮನೆಯನ್ನು ನಾವು ಸಾಂಪ್ರದಾಯಿಕ ಎನ್ನುತ್ತೇವೆ. ಆ ಹೆಂಚು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಹೊರಟ, ಯುರೋಪಿನ ಮಾದರಿಯ, ಯಂತ್ರದಲ್ಲಿ ಒತ್ತಿದ ಸರಕು. ಕಾಲದ ಲೆಕ್ಕದಲ್ಲಿ ಹಾಸ್ ಮನೆಗಿಂತ ಇಪ್ಪತ್ತೊಂದೇ ವರ್ಷ ಹಿರಿಯದು. ಬೆಂಗಳೂರಿನ ದಂಡು ಪ್ರದೇಶದಲ್ಲೂ ಆಮೇಲೆ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಎದ್ದ ಬಂಗಲೆಗಳ 'ಮಂಕಿ ಟಾಪ್' ಕಿಟಕಿ ಮಾಡುಗಳು, ಮರದ ಜಾಲರಿಗಳು ಅದೇ ವಿಕ್ಟೋರಿಯನ್ ಕುಟುಂಬದ ದೂರದ ನೆಂಟರು. ಹೆಂಚು ಕಾರ್ಖಾನೆಯದಾದರೂ ಆ ಮಾಡು ಸೋರದೆ ನಿಂತದ್ದು ರೀಪಿನ ಅಂತರವನ್ನು ಹೆಂಚಿನ ಕೊಕ್ಕೆಗೆ ಸರಿಯಾಗಿ ಹಿಡಿದ ಆಚಾರಿಯಿಂದ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ತೆಗೆದು ಬೇರೆ ಹಾಕಿದ ಕೈಯಿಂದ. ಒಂದು ಹೆಂಚು ಒಡೆದರೆ ಇಡೀ ಮಾಡು ಕೆಡವಬೇಕಿಲ್ಲ. ಯಂತ್ರ ಒಂದೇ ಅಳತೆಯ ತುಂಡು ಕೊಟ್ಟದ್ದರಿಂದಲೇ ಆ ರಿಪೇರಿ ಸುಲಭವಾಯಿತು. ಕ್ಯಾಲಿಫೋರ್ನಿಯಾದ ಮರದ ಮನೆಯ ಗುಟ್ಟೂ ಇದೇ.

ಹಾಗೆ ಕಟ್ಟಿದ್ದು ಗಟ್ಟಿಯೇ ಎಂಬ ಪ್ರಶ್ನೆಗೆ ಉತ್ತರ 1906ರ ಏಪ್ರಿಲ್ 18ರ ಬೆಳಗಿನ ಜಾವ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊವನ್ನು ನಡುಗಿಸಿದ ಭೂಕಂಪದಲ್ಲಿ ಇಟ್ಟಿಗೆಯ ಗೋಡೆ, ಹೊಗೆಗೂಡುಗಳು ಉರುಳಿದವು. ನೂರಾರು ಮೊಳೆಗಳಲ್ಲಿ ಬಿಗಿದ ಮರದ ಚೌಕಟ್ಟು ಬುಟ್ಟಿಯಂತೆ ಅಲುಗಾಡಿ ಬಹುಪಾಲು ಕಡೆ ನಿಂತಿತು. ಆದರೆ ಭೂಕಂಪದ ಹಿಂದೆಯೇ ಬಂದ ಬೆಂಕಿ ಮೂರು ದಿನ ಉರಿಯಿತು, 28,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ವ್ಯಾನ್ ನೆಸ್ ಎಂಬ ಅಗಲ ರಸ್ತೆಯ ಬದಿಯ ಮನೆಗಳನ್ನು ಮದ್ದಿಟ್ಟು ಉರುಳಿಸಿ ಬೆಂಕಿಯನ್ನು ತಡೆದರು. ಅಲ್ಲಿಂದ ಪಶ್ಚಿಮಕ್ಕೆ ಮುಂದಿನ ಬೀದಿಯೇ ಫ್ರಾಂಕ್ಲಿನ್. ಹಾಸ್ ಮನೆ ಉಳಿದುಕೊಂಡಿತು. ಇಲ್ಲಿ ನನ್ನ ವಾದಕ್ಕೆ ಒಂದು ಗಾಯವಿದೆ, ಅದನ್ನು ಒಪ್ಪಬೇಕು. ತಳದಿಂದ ಮಾಡಿನವರೆಗೆ ತಡೆಯಿಲ್ಲದೆ ಹೋಗುವ ಪಟ್ಟಿಗಳ ನಡುವಿನ ಪೊಳ್ಳು ಬೆಂಕಿಗೆ ಹೊಗೆಗೂಡೇ ಆಗುತ್ತದೆ. ಕೆಳಗೆ ಹತ್ತಿದ ಕಿಡಿ ನಿಮಿಷಗಳಲ್ಲಿ ಅಟ್ಟದಲ್ಲಿರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಪ್ರತಿ ಅಂತಸ್ತಿಗೂ ಅಡ್ಡಪಟ್ಟಿ ಕೊಟ್ಟು ಬೇರೆಯಾಗಿ ಕಟ್ಟುವ ಕ್ರಮ ಬಂದದ್ದಕ್ಕೆ ಇದೂ ಒಂದು ಕಾರಣ. ಆದರೆ ಈ ದೋಷಕ್ಕೆ ಮದ್ದೂ ಆ ಚೌಕಟ್ಟಿನಲ್ಲೇ ಇದೆ: ಒಂದೆರಡು ಹಲಗೆ ಬಿಚ್ಚಿ ಪ್ರತಿ ಅಂತಸ್ತಿನಲ್ಲಿ ಮರದ ತಡೆ ಕೂರಿಸಬಹುದು, ತಳಪಾಯಕ್ಕೆ ಬೋಲ್ಟು ಹಾಕಿ ಬಿಗಿಯಬಹುದು. ಹಾಸ್ ಮನೆಗೇ 1928ರಲ್ಲಿ ಗಾರ್ಡ್ನರ್ ಡೈಲಿ ಎಂಬ ವಾಸ್ತುಶಿಲ್ಪಿ ಗ್ಯಾರೇಜನ್ನೂ ಅದರ ಮೇಲೆ ಮಲಗುವ ಕೋಣೆಗಳನ್ನೂ ಸೇರಿಸಿದ. ಮೂಲ ಮನೆ ಅದನ್ನು ತಕರಾರಿಲ್ಲದೆ ಒಳಗೊಂಡಿತು.

ಬಿಚ್ಚಿ ಕಟ್ಟಬಹುದಾದ ಈ ಗುಣದ ಅತಿ ದೊಡ್ಡ ಸಾಕ್ಷಿ, ಈ ಮನೆಗಳು ಊರೊಳಗೆ ಪ್ರಯಾಣ ಮಾಡಿರುವುದು. 2021ರ ಫೆಬ್ರವರಿಯಲ್ಲಿ ಅದೇ ಫ್ರಾಂಕ್ಲಿನ್ ಬೀದಿಯ 807ನೇ ನಂಬರಿನ, ಸುಮಾರು 140 ವರ್ಷ ಹಳೆಯ ಎರಡಂತಸ್ತಿನ ಮನೆಯನ್ನು ತಳಪಾಯದಿಂದ ಬಿಡಿಸಿ ಇಡಿಯಾಗಿ ಎತ್ತಿ, ಚಕ್ರಗಳ ಮೇಲಿಟ್ಟು, ಗಂಟೆಗೆ ಒಂದು ಮೈಲಿಯ ವೇಗದಲ್ಲಿ ಆರು ಬೀದಿ ಆಚೆ ಫುಲ್ಟನ್ ಬೀದಿಗೆ ಎಳೆದುಕೊಂಡು ಹೋದರು. ಅದಕ್ಕೂ ಮೊದಲು, 1974ರಲ್ಲಿ, ಕೆಡವಲು ಗೊತ್ತಾಗಿದ್ದ ಹನ್ನೆರಡು ವಿಕ್ಟೋರಿಯನ್ ಮನೆಗಳನ್ನು ಹೆರಿಟೇಜ್ ಸಂಸ್ಥೆಯೂ ನಗರದ ಪುನರಭಿವೃದ್ಧಿ ಪ್ರಾಧಿಕಾರವೂ ಸೇರಿ ಹೀಗೆಯೇ ಸಾಗಿಸಿದ್ದವು. ಕಲ್ಲಿನ ಮನೆಗೋ ಕಾಂಕ್ರೀಟಿನ ಮನೆಗೋ ಈ ಮಾತು ಸಲೀಸಾಗಿ ಒಪ್ಪದು. ಹನ್ನೆರಡು ಉಳಿದ ಕಥೆ ಹೇಳುವಾಗ ಉಳಿಯದ ಸಾವಿರಾರನ್ನೂ ಹೇಳಬೇಕು. ವೆಸ್ಟರ್ನ್ ಅಡಿಷನ್ ಎಂಬ ಬಡಾವಣೆಯಲ್ಲಿ 1950ರ ದಶಕದಿಂದ ಪುನರಭಿವೃದ್ಧಿಯ ಹೆಸರಿನಲ್ಲಿ ಸುಮಾರು 2,500 ವಿಕ್ಟೋರಿಯನ್ ಮನೆಗಳು ನೆಲಸಮವಾದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಜಪಾನಿ ಮೂಲದವರು. ಹಳೆಯದು, ಕೊಳಕು, ಸರಿಮಾಡಲಾಗದ್ದು ಎಂದು ಅಧಿಕಾರಿಗಳು ಬರೆದ ಮನೆಗಳಂಥವೇ ಬೇರೆ ಬಡಾವಣೆಗಳಲ್ಲಿ ಸರಿಯಾಗಿ, ಇಂದು ಅದೇ ನಗರದ ಅತಿ ದುಬಾರಿ ಮನೆಗಳಾಗಿವೆ. ಸರಿಮಾಡಲಾಗದ್ದು ಎಂಬ ತೀರ್ಪು ಮರದ ಬಗ್ಗೆ ಇರಲಿಲ್ಲ, ಒಳಗಿದ್ದ ಜನರ ಬಗ್ಗೆ ಇತ್ತು ಎಂದು ಹೇಳದೆ ವಿಧಿಯಿಲ್ಲ.

ಕೆಡವದೆ ಬಿಟ್ಟಲ್ಲೂ ಕಳೆದದ್ದು ಕಡಿಮೆಯಲ್ಲ. 1940, 50ರ ದಶಕಗಳಲ್ಲಿ ಹೊಸತನದ ಹೆಸರಿನಲ್ಲಿ ಬೋದಿಗೆ, ಜಾಲರಿಗಳನ್ನು ಕಿತ್ತೆಸೆದು ಮೇಲೆ ಸಿಮೆಂಟು ಗಾರೆಯನ್ನೋ ಕಲ್ನಾರಿನ ಬಿಲ್ಲೆಗಳನ್ನೋ ಹೊದಿಸಿದರು. ಆ ಹೊದಿಕೆ ತೆಗೆದಾಗ ಕೆಳಗಿನ ಹಲಗೆಯ ಮೇಲೆ ಕಿತ್ತುಹೋದ ಅಲಂಕಾರದ ನೆರಳು ಕಾಣಿಸುತ್ತದೆ: ಸುತ್ತ ಬಣ್ಣದ ಪದರಗಳು ಉಬ್ಬಿ, ನಡುವೆ ಬೋದಿಗೆ ಇದ್ದ ಆಕಾರದಲ್ಲಿ ಬೋಳು ಮರ. ಆ ನೆರಳಿನ ಅಳತೆ ಹಿಡಿದು ಬಡಗಿ ಹೊಸ ಬೋದಿಗೆ ಕೊಯ್ಯುತ್ತಾನೆ. ಕ್ಯಾಟಲಾಗಿನ ಸರಕು ಆಗಿದ್ದದ್ದರಿಂದ ಅಂಥದೇ ಇನ್ನೊಂದು ಮನೆಯಲ್ಲಿ ಮಾದರಿ ಸಿಗುವುದೂ ಉಂಟು. ಕಲಾವಿದ ಒಬ್ಬನೇ ಕೆತ್ತಿದ್ದು ಹೋದರೆ ಹೋಯಿತು, ಇದು ಹಾಗಲ್ಲ. ಇನ್ನು 1960ರ ದಶಕದಿಂದ ಶುರುವಾಗಿ, 1978ರಲ್ಲಿ 'ಪೇಂಟೆಡ್ ಲೇಡೀಸ್' ಎಂಬ ಪುಸ್ತಕ ಬಂದ ಮೇಲೆ ಲೋಕಪ್ರಸಿದ್ಧವಾದ ಬಹುಬಣ್ಣದ ಅಬ್ಬರ ಮನೆಗಳ ಮಾನ ಉಳಿಸಿತು, ನಿಜ. ಅದರ ಜತೆಗೆ ಇನ್ನೊಂದು ತಪ್ಪು ಎಣಿಕೆಯನ್ನೂ ಬೆಳೆಸಿತು: ಮುಂಭಾಗಕ್ಕೆ ಬಣ್ಣ ಬಳಿದರೆ ಮನೆ ಉಳಿಯಿತು ಎಂದು. ಒಳಗಿನ ಗಾರೆ ಗೋಡೆ, ಮೆಟ್ಟಿಲು, ಸರಿಯುವ ಬಾಗಿಲು ಎಲ್ಲ ಕಿತ್ತು ಮುಖ ಮಾತ್ರ ಇಟ್ಟುಕೊಂಡ ಮನೆಗಳು ಕಡಿಮೆಯೇನಿಲ್ಲ. ನನ್ನ ಲೆಕ್ಕದಲ್ಲಿ ಇದು ವಿಕ್ಟೋರಿಯನ್ ಮನೆಯ ಕುಶಲತೆಯನ್ನು ಎಸೆದು ಕ್ಯಾಟಲಾಗನ್ನು ಉಳಿಸಿಕೊಂಡಂತೆ.

ಮರದ ಪ್ರಶ್ನೆ ಇದೆಲ್ಲಕ್ಕಿಂತ ಭಾರವಾದದ್ದು. ಈ ಮನೆಗಳ ಮೈ ಬಹುಪಾಲು ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್. ಸಾವಿರ ವರ್ಷ ಬೆಳೆದ ಮರದ ಚೇಗು. ಎಳೆ ನೇರ, ಗಂಟಿಲ್ಲದ್ದು, ಗೆದ್ದಲೂ ಕೊಳೆತವೂ ಸುಲಭವಾಗಿ ಮುಟ್ಟದ್ದು. ಮರದ ವ್ಯಾಪಾರಿ ವಿಲಿಯಂ ಕಾರ್ಸನ್ ಯುರೇಕಾ ಊರಿನಲ್ಲಿ 1884ರಿಂದ 1886ರವರೆಗೆ ನೂರಕ್ಕೂ ಹೆಚ್ಚು ಕೆಲಸಗಾರರಿಂದ ಕಟ್ಟಿಸಿದ ಮಹಲು ಆ ಮರದ ವೈಭವದ ತುತ್ತತುದಿ. ನ್ಯೂಸಮ್ ಸಹೋದರರು ಅದರ ನಕಾಶೆ ಮಾಡಿದವರು. ಆ ಮಹಲಿನ ಊರು ನಿಂತಿರುವ ಕೊಲ್ಲಿಯ ದಡ ವಿಯೊಟ್ ಎಂಬ ಮೂಲನಿವಾಸಿ ಜನರದು. 1860ರಲ್ಲಿ ಕೊಲ್ಲಿಯ ದ್ವೀಪದಲ್ಲಿ ವಲಸಿಗರು ಅವರ ಹೆಂಗಸರು ಮಕ್ಕಳನ್ನು ಕೊಂದುಹಾಕಿದರು. ಹಳೆಯ ರೆಡ್‌ವುಡ್ ಕಾಡಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದರಷ್ಟು. ಹೀಗಿರುವಾಗ ಇಂಥ ಮನೆಗಳನ್ನು ಕೊಂಡಾಡುವುದು ಆ ಲೂಟಿಯನ್ನೇ ಕೊಂಡಾಡಿದಂತೆ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆದರೆ ಅದರ ಉತ್ತರ ಮನೆಯನ್ನು ಕಡೆಗಣಿಸುವುದರಲ್ಲಿ ಇಲ್ಲ. ಕಡಿದ ಮರ ಮರಳಿ ಬಾರದು. ಅದರ ಹಲಗೆ ಇನ್ನೂ ನೂರು ವರ್ಷ ಬಾಳುವಂತಿರುವಾಗ ಅದನ್ನು ಕಸದ ಲಾರಿಗೆ ಹಾಕಿ ಹೊಸ ಮರ ಕಡಿಯುವುದು ಮೊದಲ ತಪ್ಪಿಗೆ ಎರಡನೆಯದನ್ನು ಸೇರಿಸಿದಂತೆ. ತೋಟದಲ್ಲಿ ಬೇಗ ಬೆಳೆಸಿದ ಇಂದಿನ ಮರಕ್ಕೆ ಆ ಚೇಗಿನ ಗಟ್ಟಿತನವೂ ಇಲ್ಲ.

ಕಿಟಕಿಯ ವಿಷಯದಲ್ಲಿ ಈ ವಾದ ತೀರಾ ದಿನನಿತ್ಯದ್ದಾಗುತ್ತದೆ. ಹಳೆಯ ಮರದ ಕಿಟಕಿಯಿಂದ ಚಳಿಗಾಳಿ ನುಗ್ಗುತ್ತದೆ, ಕಿತ್ತು ಪ್ಲಾಸ್ಟಿಕ್ ಚೌಕಟ್ಟಿನ ಜೋಡಿಗಾಜಿನ ಕಿಟಕಿ ಹಾಕಿಸಿ ಎನ್ನುವುದು ಮಾರಾಟಗಾರರ ಮಾತು. ಗಾಳಿ ನುಗ್ಗುವುದು ಸುಳ್ಳಲ್ಲ. ಆದರೆ ಹೆಚ್ಚಿನ ಗಾಳಿ ಬರುವುದು ಗಾಜಿನಿಂದಲ್ಲ, ಸಡಿಲವಾದ ಸಂದಿಗಳಿಂದ. ಸಂದಿಗೆ ಪಟ್ಟಿ ಕೂರಿಸಿ, ಹೊರಗೊಂದು ಹೆಚ್ಚುವರಿ ಗಾಜಿನ ಚೌಕಟ್ಟು ಹಾಕಿದರೆ ಹಳೆಯ ಕಿಟಕಿಯೂ ಹೊಸದರ ಹತ್ತಿರಕ್ಕೆ ಬರುತ್ತದೆ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ 1981ರಲ್ಲಿ ಹಳೆಯ ಮರದ ಕಿಟಕಿಗಳ ರಿಪೇರಿಗೆಂದೇ ಒಂದು ಕೈಪಿಡಿ ಹೊರಡಿಸಿತು. ಬದಲಿಸುವ ಮುನ್ನ ಸರಿಮಾಡಲು ಬರುತ್ತದೆಯೇ ನೋಡಿ ಎಂಬುದು ಅದರ ಸಾರ. ಹೊಸ ಜೋಡಿಗಾಜಿನ ನಡುವಿನ ಮುದ್ರೆ ಒಡೆದು ಮಂಜು ಕಟ್ಟಿದರೆ ಆ ಗಾಜಿನ ಜೋಡಿಯನ್ನೇ ಎಸೆಯಬೇಕು. ವಿಕ್ಟೋರಿಯನ್ ಕಿಟಕಿಯ ಎರಡು ಪಾಲುಗಳು ಮೇಲೆ ಕೆಳಗೆ ಜಾರುತ್ತವೆ. ಪ್ರತಿ ಪಾಲಿನ ಎರಡೂ ಬದಿಗೆ ಹಗ್ಗ, ಹಗ್ಗದ ತುದಿಗೆ ಗೋಡೆಯ ಪೊಳ್ಳಿನೊಳಗೆ ತೂಗುವ ಕಬ್ಬಿಣದ ಗುಂಡು. ಪಾಲಿನ ತೂಕಕ್ಕೆ ಗುಂಡಿನ ತೂಕ ಸರಿದೂಗಿದ್ದರೆ ಕಿಟಕಿ ಎರಡು ಬೆರಳಿನಲ್ಲಿ ಏರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಕಾಲಕ್ರಮದಲ್ಲಿ ಹಗ್ಗ ಹರಿಯುತ್ತದೆ. ಹರಿಯುತ್ತದೆ ಎಂದು ಕಟ್ಟಿದವನಿಗೆ ಗೊತ್ತಿತ್ತು. ಅದಕ್ಕೇ ಚೌಕಟ್ಟಿನ ಬದಿಯಲ್ಲಿ, ಬಣ್ಣದ ಪದರಗಳ ಕೆಳಗೆ, ಗೇಣುದ್ದದ ಒಂದು ಮರದ ಮುಚ್ಚಳವನ್ನು ಕೊಯ್ದು ಒಂದೇ ಸ್ಕ್ರೂನಲ್ಲಿ ಕೂರಿಸಿಟ್ಟಿದ್ದಾನೆ. ಆ ಸ್ಕ್ರೂ ಬಿಚ್ಚಿದರೆ ಮುಚ್ಚಳ ಕೈಗೆ ಬರುತ್ತದೆ, ಒಳಗೆ ಗುಂಡು ಬಿದ್ದಿರುತ್ತದೆ. ಹೊಸ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಮುಚ್ಚಳವನ್ನು ಮತ್ತೆ ಕೂರಿಸುವುದು ಕೆಲಸ ಬಲ್ಲವನಿಗೆ ಅರ್ಧ ಗಂಟೆಯ ಮಾತು.